ಕಪ್ಪು ಪಟ್ಟಿ ತೆಗೆಸಿದ ಸೀಡಿ

ಮೊನ್ನೆ ಬಳ್ಳಾರಿಯಿಂದ ರಾಯದುರ್ಗಕ್ಕೆ ಬರುವ ಬಸ್ಸಿನಲ್ಲಿ ನನ್ನ ಮಾನ ಹೋಯಿತು. ಯಾರೂ ಕಳೆಯಲಿಲ್ಲ, ನಾನೇ ಕಳೆದುಕೊಂಡೆ. ಪಕ್ಕದಲ್ಲಿ ಕೂತವರು ಫೋನಿನಲ್ಲಿ ಯಾವುದೋ ಸಿನಿಮಾ ನೋಡುತ್ತಿದ್ದರು. ಚಿತ್ರದ ಎರಡೂ ಬದಿಗೆ ಕಪ್ಪು ಪಟ್ಟಿ ಇತ್ತು. ಅವರು ಎರಡು ಬೆರಳಿಟ್ಟು ಚಿತ್ರವನ್ನು ಹಿಗ್ಗಿಸಿದರು. ಪಟ್ಟಿ ಮಾಯವಾಗಿ ಫೋನಿನ ತುಂಬ ಚಿತ್ರ ಬಂತು. ಅದರೊಳಗೆ ಮಾತಾಡುತ್ತಿದ್ದ ಮುದುಕನ ತಲೆಯೂ ಮಾಯವಾಯಿತು. ನಾನು “ಬ್ಯಾಡ್ರೀ!” ಎಂದು ಕಿರುಚಿಬಿಟ್ಟೆ. ಕಂಡಕ್ಟರು ಯಾರದೋ ಜೇಬು ಹೋಯಿತೆಂದು ಓಡಿಬಂದರು.

“ನನ್ ಫೋನಿಗೆ ನೀವ್ಯಾಕ ಒದರ್ತೀರಿ?” ಎಂದರು ಪಕ್ಕದವರು.

“ತೆಲಿ ಹೋತಲ್ರಿ ಅವರದು!” ಎಂದೆ.

ಅವರು ಫೋನನ್ನು ನೋಡಿದರು, ನನ್ನನ್ನು ನೋಡಿದರು, ಓಬಳಾಪುರದಲ್ಲಿ ಇನ್ನೊಂದು ಸೀಟು ಖಾಲಿಯಾದ ಕೂಡಲೇ ಎದ್ದು ಹೋದರು. ಅವರದೇನೂ ತಪ್ಪಿಲ್ಲ ಬಿಡಿ. ನೀವಾದರೂ ಏಳುತ್ತಿದ್ದಿರಿ. ಆದರೆ ನನ್ನ ಕತೆ ಪೂರ್ತಿ ಕೇಳಿದ ಮೇಲೆ ಬೇಕಾದರೆ ಎದ್ದು ಹೋಗಿ.

ನಾನು ಕಟಿಂಗ್ ಮಾಸ್ಟರು. ರಾಯದುರ್ಗದಲ್ಲಿ ಬೀದಿಗೊಂದು ಜೀನ್ಸ್ ಯೂನಿಟ್ ಎದ್ದ ಕಾಲದಲ್ಲಿ ಕತ್ತರಿ ಹಿಡಿದವನು, ಇವತ್ತಿಗೂ ಬಿಟ್ಟಿಲ್ಲ. ಮೇಜಿನ ಮೇಲೆ ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ, ಮೇಲೆ ಸೀಮೆಸುಣ್ಣದಿಂದ ಕಾಲು, ಜೇಬು, ಸೊಂಟಪಟ್ಟಿ ಎಲ್ಲ ಗುರುತು ಹಾಕಿ, ಮಿಷನ್ನಿನಲ್ಲಿ ಒಂದೇ ಸಲಕ್ಕೆ ಕೊಯ್ಯುವುದು ನಮ್ಮ ಕೆಲಸ. ಅದರಲ್ಲಿ ಜಾಣತನವೆಲ್ಲ ಇರುವುದು ಖಾಲಿ ಜಾಗ ಉಳಿಸದಿರುವುದರಲ್ಲಿ. ಎರಡು ಕಾಲುಗಳ ನಡುವೆ ನಾಲ್ಕು ಬೆರಳು ಜಾಗ ಉಳಿದರೆ ಅಲ್ಲೊಂದು ಜೇಬು ತುರುಕಬೇಕು. ಖಾಲಿ ಕಂಡರೆ ನಮ್ಮಂಥವರಿಗೆ ತಡೆಯಲಾಗುವುದಿಲ್ಲ. ಇನ್ನು ಬಟ್ಟೆಯ ಅಂಚು; ಅದನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕೊಯ್ದು ಕೆಳಗೆ ಬಿಟ್ಟರೆ ಚಿಂದಿಯ ಮೂಟೆಗೆ ಹೋಗುತ್ತದೆ.

ಈ ಕೆಲಸಕ್ಕೂ ಸಿನಿಮಾಕ್ಕೂ ಏನು ಸಂಬಂಧ ಎಂದರೆ, ನನ್ನ ಅತ್ತಿಗೆ.

ಅತ್ತಿಗೆ ಮಡಕಶಿರಾ ಕಡೆಯವಳು. ಅಣ್ಣನನ್ನು ಮದುವೆಯಾಗಿ ನಮ್ಮ ಮನೆಗೆ ಬಂದಾಗ ನಾನು ನಾಲ್ಕನೇ ಕ್ಲಾಸು. ತಾಯಿಯಿಲ್ಲದ ನನಗೆ ತಲೆ ಬಾಚಿ, ಮುದ್ದೆ ನುಂಗುವುದು ಕಲಿಸಿದವಳು ಅವಳೇ. ನಾವು “ಯಾಕ” ಎಂದರೆ ಅವಳು “ಯಾಕೆ” ಎನ್ನುತ್ತಿದ್ದಳು, ನಾವು ಅಣಕಿಸುತ್ತಿದ್ದೆವು, ಅವಳೂ ನಮ್ಮನ್ನು ಅಣಕಿಸುತ್ತಿದ್ದಳು. ಅವಳು ಪದೇ ಪದೇ ಹೇಳುತ್ತಿದ್ದ ಕತೆ ಒಂದೇ.

“ನನ್ನ ಮದುವೆಗೆ ಮುಂಚೆ ನಮ್ಮೂರಿಗೆ ಸಿನಿಮಾದೋರು ಬಂದಿದ್ರು ಕಣಪ್ಪ. ಬಾವಿ ಹತ್ರ ಹೆಂಗಸ್ರೆಲ್ಲ ಸಾಲಾಗಿ ನಿಂತ್ಕಳಿ ಅಂದ್ರು. ನಾನು ಹೊಸ ಸೀರೆ ಉಟ್ಕಂಡು ಹೋದ್ರೆ, ಬ್ಯಾಡಮ್ಮ, ಹಳೇದು ಉಟ್ಕಂಡು ಬಾ ಅಂದ್ರು. ಹರಿದಿದ್ರೆ ಇನ್ನೂ ಒಳ್ಳೇದಂತೆ! ಸಾಲಿನ ಕೊನೇಗೆ ನಾನು, ನನ್ನ ಪಕ್ಕ ನಮ್ಮ ರತ್ನ. ಕ್ಯಾಮೆರಾ ನೋಡಬ್ಯಾಡ ಅಂದ್ರೂ ಅದನ್ನೇ ನೋಡ್ತಿದ್ಲು, ಕೋತಿ.”

ರತ್ನ ಅವಳ ತಂಗಿ. ಆಗ ಒಂಬತ್ತು ವರ್ಷ. ಮರುವರ್ಷ ಕಾಮಾಲೆಯಾಗಿ ಹೋಗಿಬಿಟ್ಟಳು. ಮನೆಯಲ್ಲಿ ಅವಳದೊಂದು ಫೋಟೋ ಇರಲಿಲ್ಲ. ಆ ಊರಿನಲ್ಲಿ ಆಗ ಫೋಟೋ ಎಂದರೆ ಮದುವೆಯಾದವರಿಗೆ, ಅದೂ ಮಡಕಶಿರಾಕ್ಕೆ ಹೋಗಿ ತೆಗೆಸಿಕೊಳ್ಳಬೇಕು. ಆ ಹುಡುಗಿಯ ಮುಖ ಈ ಭೂಮಿಯ ಮೇಲೆ ಎಲ್ಲಾದರೂ ಉಳಿದಿದ್ದರೆ ಆ ಸಿನಿಮಾದಲ್ಲಿ ಮಾತ್ರ. “ಅದೊಂದು ಸಿಕ್ಕಿದ್ರೆ ನಮ್ಮಮ್ಮನಿಗೆ ತೋರಿಸ್ಬೇಕು, ಅವಳ ಕಣ್ಣು ಮಂಜಾಗೋದ್ರೊಳಗೆ,” ಎನ್ನುತ್ತಿದ್ದಳು ಅತ್ತಿಗೆ.

ನಾನು ಕೈಗೆ ನಾಲ್ಕು ಕಾಸು ಬಂದ ಮೇಲೆ ಹುಡುಕಲು ಹೊರಟೆ. ಆ ಸಿನಿಮಾದ ಹೆಸರು ಹೇಳಿದರೂ ನಿಮಗೆ ಗೊತ್ತಿರಲಿಕ್ಕಿಲ್ಲ. ಯಾವ ಟಾಕೀಸಿಗೂ ಬಂದದ್ದಲ್ಲ. ಕ್ಯಾಸೆಟ್ ಅಂಗಡಿಗಳಲ್ಲಿ ಕೇಳಿದರೆ, “ಅವಾರ್ಡ್ ಪಿಚ್ಚರ್ರಾ? ಅವನ್ನ ಅವಾರ್ಡ್ ಕೊಟ್ಟವರೇ ನೋಡಿರಂಗಿಲ್ಲ, ಹೋಗ್ರಿ,” ಎಂದು ನಗುತ್ತಿದ್ದರು. ಕೊನೆಗೆ ಅನಂತಪುರದಲ್ಲೊಬ್ಬರು ನಿವೃತ್ತ ಲೆಕ್ಚರರು ಇಂಥವನ್ನೆಲ್ಲ ಟೀವಿಯಲ್ಲಿ ಬಂದಾಗ ಟೇಪು ಮಾಡಿಟ್ಟಿದ್ದಾರೆಂದು ತಿಳಿಯಿತು. ಹೋದೆ. ಬೇವಿನ ಸೊಪ್ಪು ಹಾಕಿ ಪೇಪರಿನಲ್ಲಿ ಸುತ್ತಿಟ್ಟ ಟೇಪುಗಳ ಕಪಾಟು ಅದು. ಜೀನ್ಸು ಕತ್ತರಿಸುವವನಿಗೆ ಈ ಸಿನಿಮಾ “ಎಂದುಕಯ್ಯಾ?” ಎಂದು ತೆಲುಗಿನಲ್ಲಿ ಕೇಳಿದರು. ಕಾರಣ ಹೇಳಿದೆ. ಸುಮ್ಮನೆ ತೆಗೆದುಕೊಟ್ಟರು, ಒಂದು ವಾರದ ಕರಾರಿನ ಮೇಲೆ. ಕೊಡುವ ಮುಂಚೆ ಎರಡು ನಿಮಿಷ ಹಾಕಿ ತೋರಿಸಿದರು. ಪರದೆಯ ಮೇಲೊಂದು ಕೆಳಗೊಂದು ದಪ್ಪ ಕಪ್ಪು ಪಟ್ಟಿ. ಟೇಪು ಕೆಟ್ಟಿದೆಯೇ ಎಂದೆ. “ಅದು ಹಾಗೇ ಇರಬೇಕಯ್ಯಾ,” ಎಂದರು. ಕೆಟ್ಟದ್ದನ್ನು ಮುಚ್ಚಿಡಲು ಹೇಳುತ್ತಿದ್ದಾರೆಂದು ನಾನು ತಿಳಿದೆ. ನೋಡಿ, ಬುದ್ಧಿ ಹೇಗಿತ್ತು!

ನಮ್ಮ ಮನೆಯಲ್ಲಿದ್ದದ್ದು ಸೀಡಿ ಪ್ಲೇಯರು. ಬಳ್ಳಾರಿಯ ಒಂದು ಅಂಗಡಿಯಲ್ಲಿ ಟೇಪನ್ನು ಸೀಡಿಗೆ ಹಾಕಿಸಿದೆ. ಪಟ್ಟಿ ತೆಗೆದು ಪರದೆ ತುಂಬ ಮಾಡಿಕೊಡಿ ಎಂದೆ, ಮಾಡಿಕೊಟ್ಟರು. ಟೇಪನ್ನು ಅನಂತಪುರಕ್ಕೆ ಮುಟ್ಟಿಸಿದೆ. ಮುಂದಿನ ವರ್ಷ ಲೆಕ್ಚರರು ತೀರಿಕೊಂಡರು, ಕಪಾಟು ಚಿಂದಿಯವರ ಪಾಲಾಯಿತಂತೆ.

ಸೀಡಿ ಹಾಕಿದ ದಿನ ನಮ್ಮ ಅಂಗಳದಲ್ಲಿ ಯೂನಿಟ್ಟಿನ ಅರ್ಧ ಮಂದಿ. ಅತ್ತಿಗೆ ಹೊಸ ಸೀರೆ ಉಟ್ಟು ಎಲ್ಲರಿಗಿಂತ ಮುಂದೆ ಕೂತಿದ್ದಳು. ಸಿನಿಮಾದಲ್ಲಿ ಮುಕ್ಕಾಲು ಗಂಟೆ ಯಾರೂ ಏನೂ ಮಾಡಲಿಲ್ಲ. ಒಬ್ಬಾತ ನಡೆದ, ನಿಂತ, ಬೀಡಿ ಹಚ್ಚಿದ. ಅರ್ಧ ಜನ ಎದ್ದು ಹೋದರು. ಆಮೇಲೆ ಬಾವಿ ಬಂತು, ಹೆಂಗಸರ ಸಾಲು ಬಂತು, ಸಾಲಿನ ಕೊನೆಗೆ, ಹರಕು ಸೀರೆಯಲ್ಲಿ, ಹದಿನೇಳು ವರ್ಷದ ನಮ್ಮ ಅತ್ತಿಗೆ! ಅಂಗಳವೆಲ್ಲ ಹೋ ಎಂದಿತು.

ಅತ್ತಿಗೆ ತನ್ನ ಮುಖ ನೋಡಲೇ ಇಲ್ಲ. ಎದ್ದು ಹೋದಳು. ಟೀವಿಯ ಎಡಮಗ್ಗುಲಿಗೆ ಹೋಗಿ, ಬಗ್ಗಿ, ಡಬ್ಬದ ಹೊರಗೆ ನೋಡಿದಳು. ಗೋಡೆಯಾಚೆ ಮಗು ಅಡಗಿದ್ದರೆ ಹುಡುಕುವ ಹಾಗೆ. ಎಲ್ಲರೂ ನಕ್ಕರು. ನಾನೂ ನಕ್ಕೆ.

“ಇಲ್ಲೇ ಇದ್ಲು. ನನ್ನ ಪಕ್ಕದಾಗೇ ಇದ್ಲು ಕಣಪ್ಪ, ಇನ್ನೊಂದ್ಸಲ ಹಾಕು.”

ಹಾಕಿದೆ. ಮತ್ತೆ ಹಾಕಿದೆ. ಅಣ್ಣ ಹೇಳಿದ, “ನಿನಗ ನೆನಪು ತಪ್ಪೈತಿ ಬಿಡು. ನಿಂತಿದ್ದು ಬ್ಯಾರೆ ದಿನ ಇರಬೇಕು.” ನಾನು ಅವನಿಗಿಂತ ತಿಳಿದವನ ಹಾಗೆ, “ಡೈರೆಕ್ಟರ್ ತೆಗದು ಹಾಕ್ಯಾನ ಅತ್ತಿಗಿ, ಸಿನಿಮಾದಾಗ ಹಂಗ ಮಾಡ್ತಾರ,” ಎಂದೆ. ಅತ್ತಿಗೆ ಸೀಡಿಯನ್ನು ಟ್ರಂಕಿನ ತಳದಲ್ಲಿಟ್ಟಳು. ಅಂದಿನಿಂದ ಆ ಕತೆಯನ್ನು ಹೇಳಲಿಲ್ಲ. ರತ್ನಳ ಹೆಸರನ್ನೂ ಎತ್ತಲಿಲ್ಲ. ನಮ್ಮ ಯಾರ ಗಮನಕ್ಕೂ ಅದು ಅಷ್ಟಾಗಿ ಬರಲಿಲ್ಲ ಎನ್ನುವುದೇ ನಾಚಿಕೆಗೇಡು.

ನನಗೋ, ಅಲ್ಲಿಂದ ಬೇರೊಂದು ಹುಚ್ಚು ಹತ್ತಿತು. ಏನೂ ನಡೆಯದ ಆ ಮುಕ್ಕಾಲು ಗಂಟೆ ಯಾಕೋ ತಲೆಯಿಂದ ಹೋಗಲಿಲ್ಲ. ಇಂಥವೇ ಇನ್ನೂ ಬೇಕೆನಿಸಿತು. ಜೀನ್ಸ್ ಮಾಲಿನ ಮೂಟೆಗಳ ಜೊತೆ ಬೆಂಗಳೂರಿಗೆ ಹೋದಾಗಲೆಲ್ಲ ಗಲ್ಲಿ ಗಲ್ಲಿ ತಿರುಗಿ ಡಿಸ್ಕು ತರುತ್ತಿದ್ದೆ. ಒಂದರಲ್ಲಿ ಆಕಾಶದ ತುಂಬ ಅಂಗಡಿಯವರ ಫೋನ್ ನಂಬರು ತೇಲುತ್ತಿತ್ತು. ಇನ್ನೊಂದರಲ್ಲಿ ಕೆಳಗಿನ ಅಕ್ಷರ ಬೇರೆ ಸಿನಿಮಾದ್ದು; ಹೆಣದ ಮುಂದೆ ಅಳುವ ಹೆಂಗಸು ಮೀನಿನ ರೇಟು ಕೇಳುತ್ತಿದ್ದಳು. ಹೀಗೆ ಮೋಸಹೋಗಿ ಹೋಗಿ ಒಳ್ಳೆಯ ಡಿಸ್ಕನ್ನು ಬೆನ್ನು ನೋಡಿಯೇ ಗುರುತಿಸುವಷ್ಟು ಪಳಗಿದೆ. ಮೂಲ ನೆಗೆಟಿವ್‌ನಿಂದ ತೆಗೆದದ್ದೇ? ಚಿತ್ರದ ಅಳತೆ ಮೂಲದ್ದೇ? ಟೀ ಅಂಗಡಿಯಲ್ಲಿ ಕೂತು, “ಕಪ್ಪು ಪಟ್ಟಿ ಇದ್ರ ಅದು ಅಸಲಿ ರೀ, ಪರದಿ ತುಂಬಿಸಿದ್ರ ಬಾಜೂಕಿಂದು ಕೊಯ್ದಾರಂತ ತಿಳೀರಿ,” ಎಂದು ಪಾಠ ಹೇಳುತ್ತಿದ್ದೆ. ನನ್ನ ಹೆಂಡತಿ, “ಊರ ಮಂದಿಗೆ ಪ್ಯಾಂಟು ಕತ್ತರಸ್ತೀರಿ, ಇಲ್ಲಿ ಕತ್ತರಿಸಬಾರ್ದಂತ ಭಾಷಣ ಮಾಡ್ತೀರಿ,” ಎಂದು ನಗುತ್ತಿದ್ದಳು. ಇಷ್ಟು ಪಾಠ ಹೇಳಿದವನಿಗೆ ತಾನೇ ಮಾಡಿಸಿದ ಮೊದಲನೇ ಸೀಡಿ ಒಂದು ದಿನವೂ ನೆನಪಾಗಲಿಲ್ಲ. ಅದು ಟ್ರಂಕಿನಲ್ಲಿತ್ತು. ಟ್ರಂಕು ಅತ್ತಿಗೆಯ ಜೊತೆ ಮಡಕಶಿರಾ ಕಡೆಗೆ ಹೋಗಿತ್ತು; ಅಣ್ಣ ಮಿಷನ್ ಕೆಲಸ ಸಾಕೆಂದು ಅವಳ ಊರಲ್ಲೇ ಹಿಪ್ಪುನೇರಳೆ ಹಾಕಿದ್ದ.

ಹೀಗಿರುವಾಗ ಆ ಸಿನಿಮಾದ ಹೊಸ ಡಿಸ್ಕು ಬಂತು. ಯಾರೋ ಪುಣ್ಯಾತ್ಮರು ಹಳೆಯ ನೆಗೆಟಿವ್ ಹುಡುಕಿ ತೊಳೆದು, ಪರದೇಶದಲ್ಲಿ ಡಿಸ್ಕು ಮಾಡಿದ್ದರು. ಬೆಂಗಳೂರಿನ ವ್ಯಾಪಾರಿಯೊಬ್ಬರನ್ನು ಕಾಡಿ ಬೇಡಿ ಒಂದು ತರಿಸಿದೆ. ಒಂದು ಭಾನುವಾರ ಬೆಳಿಗ್ಗೆ ಹಾಕಿ ಕೂತೆ. ಬೀಡಿಯ ಹೊಗೆ ಕೂಡ ಎಳೆ ಎಳೆಯಾಗಿ ಕಾಣುತ್ತಿತ್ತು. ಹಿಗ್ಗಿ ಹೋಗಿದ್ದೆ. ಆಮೇಲೆ ಬಾವಿ ಬಂತು.

ಸಾಲಿನ ಕೊನೆಗೆ ಅತ್ತಿಗೆ. ಅವಳ ಪಕ್ಕ, ಪರದೆಯ ಎಡ ಅಂಚಿಗೆ, ಅವಳ ಸೆರಗನ್ನು ಮುಷ್ಟಿಯಲ್ಲಿ ಹಿಡಿದೆಳೆಯುತ್ತ, ಕೆದರಿದ ತಲೆಯ ಒಂದು ಹುಡುಗಿ. ನೇರ ಕ್ಯಾಮೆರಾದೊಳಗೆ, ನೇರ ನನ್ನ ಕಣ್ಣೊಳಗೆ ನೋಡುತ್ತಿದ್ದಳು.

ಅಯ್ಯೋ ಇವಳಿದ್ದಾಳೆ, ಇದ್ದಾಳೆ ಎಂದು ಎದ್ದು ನಿಂತೆ. ಸಂತೋಷವೆಂದೇ ತಿಳಿದೆ ಮೊದಲು. ಒಂದು ನಿಮಿಷ ಕಳೆದಿರಬೇಕು, ಬಳ್ಳಾರಿಯ ಆ ಅಂಗಡಿ ನೆನಪಿಗೆ ಬಂತು. ಕಂಪ್ಯೂಟರಿನ ಮುಂದೆ ಕೂತಿದ್ದವರು ನನ್ನ ಕಡೆ ತಿರುಗಿ ಹೇಳಿದ್ದರು, “ಮಾಸ್ಟರ್, ಪಟ್ಟಿ ತೆಗಿಯಾಕ ದೊಡ್ಡದು ಮಾಡಿದ್ರ ಬಾಜೂಕಿಂದು ಸ್ವಲ್ಪ ಹೋಗ್ತೈತಿ ನೋಡ್ರಿ. ನಡೀತೈತಾ?”

ನಾನು ಅಂದಿದ್ದೆ, “ಹೋಗ್ಲಿ ಬಿಡ್ರಿ. ಬಾಜೂಕ ಏನಿರ್ತೈತಿ!”

ಡೈರೆಕ್ಟರಲ್ಲ. ನೆನಪು ತಪ್ಪಿದ್ದೂ ಅಲ್ಲ. ನಾನು. ಖಾಲಿ ಜಾಗ ಕಂಡರೆ ತಡೆಯಲಾಗದ, ಅಂಚನ್ನು ಲೆಕ್ಕಕ್ಕೆ ಹಿಡಿಯದ ನಾನೇ ಆ ಹುಡುಗಿಯನ್ನು ಕೊಯ್ದು ಕೆಳಗೆ ಬಿಟ್ಟಿದ್ದೆ. ಹೆಂಡತಿ ನೀರು ತಂದುಕೊಟ್ಟಳು. ಲೋಟ ಪಕ್ಕಕ್ಕಿಟ್ಟು ಬಾವಿಯ ದೃಶ್ಯವನ್ನೇ ಮತ್ತೆ ಹಾಕಿದೆ.

ಮಾರನೆಯ ದಿನವೇ ಪ್ಲೇಯರು, ಡಿಸ್ಕು ಚೀಲಕ್ಕೆ ಹಾಕಿಕೊಂಡು ಮಡಕಶಿರಾ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಗೆ ಹೇಳುವುದೆಂದು ಮಾತು ಕೂಡಿಸಿದೆ, ಒಂದೂ ನಿಲ್ಲಲಿಲ್ಲ. ಹೋದಾಗ ಅತ್ತಿಗೆ ರೇಷ್ಮೆಹುಳದ ಮನೆಯಲ್ಲಿದ್ದಳು. “ಹುಳ ಪೊರೆ ಬಿಟ್ಟು ಜ್ವರದಿಂದ ಎದ್ದವೆ ಕಣಪ್ಪ, ಸೊಪ್ಪು ಹಾಕ್ಬಿಟ್ಟು ಬತ್ತೀನಿ, ಕೂತ್ಕ,” ಎಂದಳು. ಕೂತೆ. ಹುಳ ಸೊಪ್ಪು ತಿನ್ನುವ ಸದ್ದು ಕೇಳುತ್ತಿತ್ತು.

ಬಂದ ಮೇಲೆ ಬಾವಿಯ ದೃಶ್ಯ ಹಾಕಿ, ಹುಡುಗಿ ಕಂಡಲ್ಲಿ ನಿಲ್ಲಿಸಿದೆ. ಅತ್ತಿಗೆ ನೋಡಿದಳು. ಅಳುತ್ತಾಳೆಂದುಕೊಂಡಿದ್ದೆ. ಅಳಲಿಲ್ಲ. ಪರದೆಯ ಹತ್ತಿರ ಹೋಗಿ ಬೆರಳಿಂದ ಆ ಹುಡುಗಿಯ ತಲೆ ಮುಟ್ಟಿದಳು.

“ಬಾ ಬಾಚ್ತೀನಿ ಅಂತ ಕರೆದೆ ಅವತ್ತು. ಬರ್ಲೇ ಇಲ್ಲ ನೋಡು, ಹಂಗೇ ನಿಂತವಳೆ.”

ಆಗಲೇ ಸುಮ್ಮನಿದ್ದು ಎದ್ದು ಬರಬಹುದಿತ್ತು. ಹೊಸ ಡಿಸ್ಕಿನಲ್ಲಿ ಸೇರಿಸಿದ್ದಾರೆ ಎಂದರೂ ಅವಳು ನಂಬುತ್ತಿದ್ದಳು. ಆದರೆ ಆಗಲಿಲ್ಲ. “ಅತ್ತಿಗಿ, ಆಕಿ ಮೊದಲಿಂದನೂ ಇದ್ದಳು. ಅವತ್ತು ಆ ಸೀಡಿ ಮಾಡಿಸುವಾಗ ಬಾಜೂಕಿಂದು ಕತ್ತರಸ್ರಿ ಅಂದಾಂವ ನಾನ,” ಎಂದೆ. ಪಟ್ಟಿಯ ವಿಷಯವನ್ನೂ ಹೇಳಿದೆ.

ಪರದೆಯ ಮೇಲೆ ಹುಡುಗಿ ಸೆರಗು ಹಿಡಿದು ನಿಂತೇ ಇದ್ದಳು.

“ನಮ್ಮಮ್ಮ ಹಾಸಿಗೆ ಹಿಡಿದಾಗ ಒಂದೇ ಕೇಳ್ತಿದ್ಲು ಕಣಪ್ಪ,” ಎಂದಳು ಅತ್ತಿಗೆ. “ಆ ಸಿನಿಮಾದಾಗೆ ಮಗು ಐತೇನೇ ಅಂತ. ನೀನು ಕಣ್ಣಾರೆ ನೋಡ್ದಲ್ಲ, ಐತೇನೇ ಅಂತ. ಇಲ್ಲಮ್ಮ ಅಂದೆ. ನಿಂತೇ ಇರ್ಲಿಲ್ಲ ಅವಳು, ನಾವೇ ಕನಸು ಕಂಡಿದ್ವಿ ಅಂದೆ. ನನ್ನ ಬಾಯಾರೆ ಅಂದೆ. ಅದನ್ನ ಕೇಳ್ಕಂಡೇ ಹೋದ್ಲು.”

ತಪ್ಪಾಯ್ತು ಎಂದೆನೋ ಇಲ್ಲವೋ, ಈಗ ನೆನಪಿಲ್ಲ. ಅತ್ತಿಗೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಊಟಕ್ಕೆ ಬಡಿಸಿದಳು, ಇನ್ನೊಂದು ಮುದ್ದೆ ಹಾಕಿಸಿಕೋ ಎಂದಳು, ಹೊರಡುವಾಗ ಬಸ್ಸಿನ ಹೊತ್ತು ಹೇಳಿದಳು.

ಪ್ಲೇಯರು, ಡಿಸ್ಕು ಅಲ್ಲೇ ಬಿಟ್ಟುಬಂದೆ. ಈಗಲೂ ಆರು ತಿಂಗಳಿಗೊಮ್ಮೆ ಹೋಗಿ ಬರುತ್ತೇನೆ. ಅತ್ತಿಗೆ ಕುಶಲ ಕೇಳುತ್ತಾಳೆ, ಮಕ್ಕಳಿಗೆಂದು ಕಡಲೆಕಾಯಿ ಕಟ್ಟಿ ಕೊಡುತ್ತಾಳೆ. ನಾನಿರುವಷ್ಟು ಹೊತ್ತು ಟೀವಿಯ ಮೇಲೆ ಬಟ್ಟೆ ಮುಚ್ಚಿರುತ್ತದೆ. ಹೋದ ಸಲ ಅಣ್ಣ ಬಸ್ ಸ್ಟಾಪಿನವರೆಗೆ ಬಂದವನು ತಡೆಯಲಾರದೆ ಹೇಳಿಬಿಟ್ಟ: ಅವಳು ದಿನಾ ನೋಡುತ್ತಾಳಂತೆ. ನಾನು ಬಂದ ದಿನ ಮಾತ್ರ, ನನ್ನ ಬಸ್ಸು ಹೋದ ಮೇಲೆ ಹಾಕುತ್ತಾಳಂತೆ.