ಮುಂಬೈ ಉಪ್ಪು, ಊರಿನ ಜೋಳ

ಈ ಮಳೆಗಾಲದಲ್ಲೂ ಉಪ್ಪಿನ ಡಬ್ಬಿಯಲ್ಲಿ ನೀರಾಡಿತು. ಸಾಂತಾಕ್ರೂಜಿನ ಬಿಲ್ಡಿಂಗಿಗೆ ಬಂದು ಇಷ್ಟು ವರ್ಷವಾದರೂ ಜುಲೈ ತಿಂಗಳ ತೇವ ನನ್ನ ಅಡುಗೆಮನೆಯನ್ನು ಬಿಟ್ಟಿಲ್ಲ. ಬೆಳಿಗ್ಗೆ ರೊಟ್ಟಿ ಮುಗಿಸಿ, ಹಂಚು ಬಿಸಿಯಿರುವಾಗಲೇ ಒಂದಿಷ್ಟು ಉಪ್ಪು ಸುರಿದು ಹುರಿದೆ. ಚಟಚಟ ಸದ್ದು, ಕಬ್ಬಿಣದ ಮೇಲೆ ಕಾಯುವ ಉಪ್ಪಿನ ಆ ಒಣ ವಾಸನೆ... ವಿಕ್ರೋಳಿಯ ಚಾಳಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕಾಕಾ ನೆನಪಾದರು.

ಕಾಕಾ ವಿಜಯಪುರದ ಕಡೆಯವರು. ಕಾರ್ಖಾನೆಯಲ್ಲಿ ತಗಡಿನ ಕೆಲಸ. ನಾನು ಮದುವೆಯಾಗಿ ಬೆಳಗಾವಿಯಿಂದ ಆ ಚಾಳಿಗೆ ಬಂದಾಗ ಅವರ ತಲೆ ಆಗಲೇ ನರೆತಿತ್ತು. ವಾರವೆಲ್ಲ ತಗಡು ಬಡಿದು ಬಂದ ಮನುಷ್ಯ ಭಾನುವಾರವೂ ನಮ್ಮ ಬಾಗಿಲ ಮುಂದಿನ ಗ್ಯಾಲರಿಯಲ್ಲಿ ಕೂತು ತಗಡನ್ನೇ ಬಡಿಯುತ್ತಿದ್ದರು. ಮಾಡುತ್ತಿದ್ದುದು ಎದೆಯೆತ್ತರದ ಕಣಜ. ಜೋಳ ಸುರಿಯಲು ಮೇಲೊಂದು ಬಾಯಿ, ತೆಗೆಯಲು ಕೆಳಗೊಂದು, ಎರಡಕ್ಕೂ ಬಿಗಿ ಮುಚ್ಚಳ, ಮುಚ್ಚಳದ ಅಂಚಿಗೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ.

ಮೇಲಿನ ಮಹಡಿಯ ಮರಾಠಿ ಮಾವಶಿಗೆ ಈ ಸದ್ದು ಸಾಕಾಗಿತ್ತು. ನೀರಿನ ಟಾಕಿ ಕಟ್ಟುತ್ತಿದ್ದಾರೆಂದುಕೊಂಡು, "ಕಾಯ್ ಓ ಕಾಕಾ, ಪಾಣ್ಯಾಚಿ ಟಾಕಿ ಕಾ?" ಎಂದು ಕೆಣಕುತ್ತಿದ್ದಳು.

"ಪಾಣಿ ನಾಹಿ ಮಾವಶಿ, ಭಾಕರಿ!" ಎನ್ನುತ್ತಿದ್ದರು ಕಾಕಾ. ನೀರಲ್ಲ, ರೊಟ್ಟಿ.

ರೊಟ್ಟಿಯ ಕಥೆ ಇಷ್ಟೇ. ಊರಿನಲ್ಲಿ ಅವರ ಅಕ್ಕನಿಗೆ ಸ್ವಲ್ಪ ಹೊಲವಿತ್ತು, ಜೋಳ ಚೆನ್ನಾಗಿಯೇ ಬರುತ್ತಿತ್ತು. ಹಿಂದೆ ಅದನ್ನು ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕುಣಿಯಲ್ಲಿ ಇಡುತ್ತಿದ್ದರು. ಕಾಲುವೆ ನೀರು ಬಂದ ಮೇಲೆ ನೆಲದಲ್ಲಿ ತೇವ ಏರಿ ಹಗೇವು ಕೆಟ್ಟವು. ಚೀಲದಲ್ಲಿಟ್ಟರೆ ಮಳೆ ಶುರುವಾಗುವಷ್ಟರಲ್ಲಿ ನುಸಿ. ಹೀಗಾಗಿ ಸುಗ್ಗಿಯಲ್ಲಿ ಬಂದಷ್ಟಕ್ಕೆ ಮಾರಿ, ಶ್ರಾವಣದಲ್ಲಿ ಅಂಗಡಿಯವನು ಹೇಳಿದ ದರಕ್ಕೆ ಕೊಂಡು ತರುವುದು.

"ನಮ್ಮ ಹೊಲದ ಜೋಳ ನಾವ ಕೊಂಡು ತಿನ್ನೂದಂದ್ರ ಹೆಂಗ ತಂಗಿ? ಬೆಳಿಯಾಕ ಬರತೈತಿ, ಇಡಾಕ ಬರವಲ್ದು," ಎಂದು ಕಾಕಾ ನನ್ನ ಮುಂದೆ ಹೇಳಿಕೊಂಡಿದ್ದರು.

ಪ್ರತಿ ಕಣಜ ಮುಗಿದಾಗಲೂ ಅದರೊಳಗೆ ಒಂದು ದೀಪ ಹಚ್ಚಿಟ್ಟು ಮುಚ್ಚುತ್ತಿದ್ದರು. ಸ್ವಲ್ಪ ಹೊತ್ತು ಬಿಟ್ಟು ತೆಗೆದಾಗ ಎಣ್ಣೆ ಇದ್ದೂ ದೀಪ ಆರಿದ್ದರೆ ಗೆದ್ದಂತೆ. ಒಳಗೆ ಗಾಳಿಯಾಡುತ್ತಿಲ್ಲ, ಹುಳವೂ ಬದುಕುವುದಿಲ್ಲ. ದೀಪ ಆರಿತೆಂದು ಹಿಗ್ಗುವ ಮನುಷ್ಯನನ್ನು ನಾನು ಅಲ್ಲೇ ಮೊದಲು ನೋಡಿದ್ದು. ಅವರ ಹೆಂಡತಿ ಕಾಕು ಮಾತ್ರ ಪ್ರತಿ ಸಲವೂ ಅಂಜಿ ಕೈಮುಗಿಯುತ್ತಿದ್ದರು.

ಆ ವರ್ಷ ಕಣಜಗಳು ಲಾರಿಯಲ್ಲಿ ಊರಿಗೆ ಹೋದವು. ಯುಗಾದಿಗೆ ಕಾಕಾ ತಾವೇ ಹೋಗಿ ಜೋಳ ತುಂಬಿಸಿ, ಅದರ ಮೇಲೆ ದೀಪವಿಟ್ಟು ಮುಚ್ಚಿ ಬಂದರು. ತಮ್ಮನ ಮಾತು ನಂಬಿ ಅಕ್ಕ ಒಂದು ಚೀಲವನ್ನೂ ಮಾರಿರಲಿಲ್ಲ. ಅವರನ್ನು ನೋಡಿ ಓಣಿಯ ಬೇರೆ ಮನೆಯವರೂ ಮಾರದೆ ಕಣಜ ತುಂಬಿಸಿದ್ದರು. ಅದೇ ರಾಶಿಯ ಒಂದಿಷ್ಟು ಜೋಳವನ್ನು ಕಾಕಾ ಅದೇ ರೀತಿಯ ಪುಟ್ಟ ಡಬ್ಬಿಯಲ್ಲಿ ಮುಚ್ಚಿ ಮುಂಬೈಗೆ ತಂದಿದ್ದರು. "ಇದು ಕಣಜದ ಮರಿ," ಎಂದು ನಗುತ್ತಿದ್ದರು.

ಜುಲೈ ತಿಂಗಳ ಒಂದು ಸಂಜೆ... ನಾನು ಕಾಕು ಜೊತೆ ಮೆಂತ್ಯೆ ಸೊಪ್ಪು ಬಿಡಿಸುತ್ತ ಕೂತಿದ್ದೆ. ಕಾಕಾ ಕೊಡೆಯನ್ನೂ ಮಡಚದೆ ಒಳಗೆ ಬಂದರು. ಕಾರ್ಖಾನೆಯಲ್ಲಿ ಯಾರೋ ಹೇಳಿದ್ದರಂತೆ: ಹಸಿ ಉಳಿದ ಕಾಳನ್ನು ಗಾಳಿಯಾಡದಂತೆ ಮುಚ್ಚಿದರೆ ಒಳಗೇ ಕೊಳೆಯುತ್ತದೆ. ಒಣ ಬಾಟಲಿಯಲ್ಲಿ ಕಾಳು, ಉಪ್ಪು ಹಾಕಿ ಅಲುಗಾಡಿಸಬೇಕು. ಉಪ್ಪು ಗಾಜಿಗೆ ಅಂಟಿದರೆ ಕಾಳು ಹಸಿ.

ಮರಿಯ ಮುಚ್ಚಳ ತೆಗೆದರು. ಒಣ ಬಾಟಲಿಗೆ ಜೋಳ ಹಾಕಿದರು, ಅಡುಗೆಯ ಉಪ್ಪಿನ ಡಬ್ಬಿಯಿಂದ ಉಪ್ಪು ಹಾಕಿದರು, ಅಲುಗಾಡಿಸಿದರು. ಗಾಜಿನ ತುಂಬ ಉಪ್ಪು ಅಂಟಿಕೊಂಡಿತು.

"ಹೋತು," ಎಂದರು ಕಾಕಾ. "ಅಕ್ಕನ ವರ್ಷದ ಕೂಳು ನಾನ ಕೈಯಾರ ಕೊಳಿಸಿದ್ನಿ."

ಎಲ್ಲ ಕಣಜ ತೆರೆಯಿರಿ ಎನ್ನಲು ಫೋನ್ ಹಚ್ಚಿದರು. ಊರಿನಲ್ಲೂ ಮೋಡ ಕವಿದಿತ್ತು. ತೆರೆದರೆ ಒಣಗಿಸಲು ಬಿಸಿಲಿಲ್ಲ, ನುಸಿಗೆ ಬಾಗಿಲು ತೆರೆದುಕೊಟ್ಟಂತೆ. ಮತ್ತೆ ಆ ಓಣಿಯಲ್ಲಿ ಯಾರು ನಂಬುತ್ತಾರೆ? ಅತ್ತ ಫೋನ್ ರಿಂಗಾಗುತ್ತಿತ್ತು. ಇತ್ತ ಕಾಕು ಇನ್ನೊಂದು ಒಣ ಬಾಟಲಿ ತೆಗೆದು, ಬರೀ ಉಪ್ಪು ಹಾಕಿ ಅಲುಗಾಡಿಸಿ ಗಂಡನ ಮುಖಕ್ಕೆ ಹಿಡಿದರು. ಅದರಲ್ಲೂ ಉಪ್ಪು ಗಾಜಿಗೆ ಮೆತ್ತಿತ್ತು.

"ಇದರಾಗ ಯಾವ ಜೋಳ ಐತಿ, ಹೇಳ್ರಿ? ಮುಂಬೈ ಉಪ್ಪು ರೀ ಇದು! ಮಳಿಗಾಲದಾಗ ತಾನ ನೀರು ಕುಡದು ಕುಂತಿರತೈತಿ. ಬಡಪಾಯಿ ಜೋಳಕ್ಕ್ಯಾಕ ಬೈತೀರಿ?"

ಅಷ್ಟರಲ್ಲಿ ಅಕ್ಕ ಫೋನ್ ಎತ್ತಿದ್ದರು. "ಈಗ ಮಾಡ್ತೀನಿ ತಡಿ ಅಕ್ಕಾ," ಎಂದು ಕಾಕಾ ಇಟ್ಟುಬಿಟ್ಟರು. ಕಾಕು ಹಂಚಿನ ಮೇಲೆ ಉಪ್ಪು ಹುರಿದರು. ಅದು ಆರುವವರೆಗೆ ಮೂವರೂ ಅದನ್ನೇ ನೋಡುತ್ತ ಕೂತೆವು. ಹೊಸ ಬಾಟಲಿ, ಹುರಿದ ಉಪ್ಪು, ಮರಿಯ ಜೋಳ. ಈ ಸಲ ಉಪ್ಪು ಮರಳಿನಂತೆ ಸರಸರ ಕೆಳಗಿಳಿಯಿತು. ಕಾಕಾ ಅಲುಗಾಡಿಸಿದರು, ಮತ್ತೆ ಅಲುಗಾಡಿಸಿದರು, ಆಮೇಲೆ ಗೋಡೆಗೊರಗಿ ಉಸ್ಸೆಂದು ಕೂತು, ಅಕ್ಕನಿಗೆ ಮತ್ತೆ ಫೋನ್ ಹಚ್ಚಿದರು.

"ಏನಿಲ್ಲಕ್ಕಾ, ಮುಚ್ಚಳ ಮುಟ್ಟಬ್ಯಾಡ ಅಂತ ಹೇಳಾಕ ಮಾಡಿದ್ದೆ."

"ಮುಟ್ಟಿಲ್ಲೋ ಮಾರಾಯಾ! ಇಷ್ಟ ಹೇಳಾಕ ಎರಡೆರಡು ಸಲ ಫೋನ್ ಮಾಡ್ತಾರೇನು?"

ಅಕ್ಕನ ದನಿ ನಮಗೂ ಕೇಳಿಸಿತು. ಕಾಕು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು.

ದಸರೆಗೆ ಕಣಜ ತೆರೆದಾಗ ಜೋಳ ಸುಗ್ಗಿಯಲ್ಲಿ ಇಟ್ಟ ಹಾಗೆಯೇ ಇತ್ತಂತೆ. ಮುಂದಿನ ಸುಗ್ಗಿಯವರೆಗೂ ಆ ಮನೆಯವರು ಅಂಗಡಿಗೆ ಹೋಗಲಿಲ್ಲ. ಆಮೇಲೆ ಕಾಕಾ ರಜೆ ಹಾಕಿ ಹೋಗಿ, ಊರಿನ ಸಮೀಪದ ತಗಡಿನ ಅಂಗಡಿಯವನಿಗೆ ಕೂತು ಕಲಿಸಿ ಬಂದರು. ನಾ ಮಾಡಿದ್ದು ನನ್ನ ಕೂಡ ಹೋಗಬಾರದು ತಂಗಿ, ಎಂದಿದ್ದರು...

ಈಗ ಆ ಚಾಳಿನ ಜಾಗದಲ್ಲಿ ಟವರ್ ಎದ್ದಿದೆ. ಕಾಕಾ, ಕಾಕು ಪುಣೆಗೆ ಮಗಳ ಮನೆಗೆ ಹೋದರು. ಕಾಕಾ ತೀರಿಕೊಂಡ ಸುದ್ದಿ ನನಗೆ ತಡವಾಗಿ ಬಂತು. ಮನೆ ಬಿಡುವಾಗ ಅವರು ನನ್ನ ಕೈಗಿಟ್ಟ ಮರಿ ಇನ್ನೂ ನಮ್ಮ ಮನೆಯಲ್ಲಿದೆ. ಪ್ರತಿ ಸುಗ್ಗಿಗೆ ಅಕ್ಕನ ಮನೆಯಿಂದ ಅದಕ್ಕಷ್ಟು ಜೋಳ ಬರುತ್ತದೆ. ಮೊನ್ನೆ ಅಕ್ಕನ ಸೊಸೆ ಫೋನಿನಲ್ಲಿ ಅಂದಳು, ಓಣಿಯಲ್ಲಿ ಈಗ ಕಣಜವಿಲ್ಲದ ಮನೆಯೇ ಇಲ್ಲವಂತೆ.

ಉಪ್ಪು ಆರಿತ್ತು. ಮರಿಯಿಂದ ಒಂದು ಹಿಡಿ ಜೋಳ ತೆಗೆದು ಬಾಟಲಿಗೆ ಹಾಕಿ, ಕಿಟಕಿಯ ಬೆಳಕಿಗೆ ಹಿಡಿದು ಅಲುಗಾಡಿಸಿದೆ. ಒಂದು ಕಣವೂ ಅಂಟಲಿಲ್ಲ. ಪಕ್ಕದ ಗೋಡೆಯಾಚೆ ಈಗ ಯಾರಿದ್ದಾರೋ, ನನಗೆ ಸರಿಯಾಗಿ ಪರಿಚಯವಿಲ್ಲ. ಆದರೂ ಆ ಕಡೆಗೇ ತಿರುಗಿ, ಮೆಲ್ಲಗೆ ಅಂದೆ:

"ಒಣಗೈತ್ರೀ ಕಾಕಾ."