ಅದ್ದುವ ಮುನ್ನ ಬಣ್ಣ ಕೇಳಿದ ಮೇಷ್ಟ್ರು

ಲೋಹವಿದ್ಯೆಯ ಬಗ್ಗೆ ಗ್ರಂಥ ಬರೆದವರಿದ್ದಾರೆ, ಕಾರ್ಖಾನೆ ಕಟ್ಟಿದವರಿದ್ದಾರೆ. ಆದರೆ ಎಂದೂ ಸುತ್ತಿಗೆ ಹಿಡಿಯದವರ ಕೈಗೆ ಸುತ್ತಿಗೆ ಕೊಟ್ಟು, ಅವರು ಕೇಳಿದ್ದನ್ನೇ ಕೇಳಿದರೂ ಹುಬ್ಬು ಗಂಟಿಕ್ಕದೆ ಉತ್ತರಿಸುತ್ತ ಒಂದು ಸೇವಾವಧಿಯನ್ನೇ ಕಳೆದವರು ವಿರಳ. ಅಂಥ ವಿರಳರಲ್ಲೊಬ್ಬರು, ತರಬೇತಿ ಕೇಂದ್ರದ ಕುಲುಮೆ ವಿಭಾಗದಿಂದ ಈ ವರ್ಷ ನಿವೃತ್ತರಾಗುತ್ತಿರುವ, ಎಲ್ಲರ ಬಾಯಲ್ಲೂ ‘ಇಕ್ಕಳದ ಮೇಷ್ಟ್ರು’ ಎಂದೇ ಆಗಿಹೋಗಿರುವ ಹಿರಿಯರು. ಯಾರು ಏನೇ ಕೇಳಲಿ, ‘ಮೊದಲು ಇಕ್ಕಳ ಹಿಡಿಯೋದು ಕಲೀರಿ, ಆಮೇಲೆ ಮಾತಾಡೋಣ’ ಎನ್ನುತ್ತಿದ್ದುದರಿಂದ ಈ ಹೆಸರು ಬಂತು. ಅವರಿಗೆ ಇದರಿಂದ ಬೇಸರವಾದಂತೆ ಕಾಣಲಿಲ್ಲ.

ಅವರು ಸೇವೆಗೆ ಸೇರಿದಾಗ ಕೇಂದ್ರದಲ್ಲಿ ಕುಲುಮೆಯೇ ಇರಲಿಲ್ಲ. ಉಗ್ರಾಣದ ಹಿಂದಿನ ತಗಡಿನ ಮಾಡಿನ ಕೆಳಗೆ, ಹಳೆಯ ಲಾರಿಯೊಂದರ ಬ್ರೇಕ್ ಡ್ರಮ್ಮನ್ನು ಕುಲುಮೆಯಾಗಿಯೂ, ರೈಲು ಕಂಬಿಯ ತುಂಡನ್ನು ಕಬ್ಬಿಣ ಬಡಿಯುವ ಅಡಿಗಲ್ಲಾಗಿಯೂ, ಮನೆಯವರ ಕೂದಲು ಒಣಗಿಸುವ ಯಂತ್ರವನ್ನು ತಿದಿಯಾಗಿಯೂ ನಿಯೋಜಿಸಿ ಪಾಠ ಆರಂಭಿಸಿದರು. ಹೊಸ ಯಂತ್ರಗಳು ಬಂದವು, ಮಾಡು ಹೋಗಿ ಕಟ್ಟಡ ಎದ್ದಿತು. ‘ಕೂದಲು ಒಣಗಿಸೋದನ್ನ ಎರಡು ದಿನಕ್ಕೆ ಅಂತ ತಗೊಂಡು ಹೋದ್ರು, ಇನ್ನೂ ವಾಪಸ್ ಬಂದಿಲ್ಲ’ ಎಂದು ಅವರ ಪತ್ನಿ ಮಾತ್ರ ಇಂದಿಗೂ ಹೇಳುತ್ತಾರೆ. ಮನೆಯ ಹಿತ್ತಲಲ್ಲಿ ಕಬ್ಬಿಣದ ಕೆಲಸ ಮಾಡಬಯಸುವ ಹವ್ಯಾಸಿಗಳಿಗಾಗಿ ಸಂಜೆಯ ತರಗತಿ ತೆರೆದವರೂ ಅವರೇ.

ಆ ತರಗತಿಗೆ ಬರುವವರ ಪ್ರಶ್ನೆಗಳು ಪ್ರತಿ ತಂಡದಲ್ಲೂ ಅವೇ. ದೊಡ್ಡ ಅಡಿಗಲ್ಲು ಕೊಳ್ಳಬೇಕೇ? ಬೇಡ, ಅಲುಗಾಡದ ಯಾವ ದಪ್ಪ ಕಬ್ಬಿಣವಾದರೂ ಸಾಕು. ಭಾರದ ಸುತ್ತಿಗೆ ಹಿಡಿದರೆ ಕೆಲಸ ಬೇಗ ಆಗುತ್ತದೆಯೇ? ಮಣಿಕಟ್ಟು ಬೇಗ ಹೋಗುತ್ತದೆ. ಸತುವಿನ ಲೇಪವಿರುವ ಹಳೆಯ ಪೈಪನ್ನು ಬೆಂಕಿಗೆ ಹಾಕಬಹುದೇ? ಈ ಒಂದು ಪ್ರಶ್ನೆಗೆ ಮಾತ್ರ ಅವರು ದನಿ ಎತ್ತಿ, ಆ ಹೊಗೆ ವಿಷ, ಮನುಷ್ಯನನ್ನು ಮಲಗಿಸುತ್ತದೆ ಎನ್ನುತ್ತಿದ್ದರು. ಕೆಂಪು ಆರಿದ ಮೇಲೆ ಮುಟ್ಟಬಹುದೇ ಎಂದವರಿಗೆ, ‘ಕೆಂಪು ಕಬ್ಬಿಣ ಹೇಳಿ ಸುಡುತ್ತೆ, ಕರಿ ಕಬ್ಬಿಣ ಹೇಳದೆ ಸುಡುತ್ತೆ’ ಎಂಬುದೇ ಉತ್ತರ.

ಎರಡು ವರ್ಷಗಳ ಹಿಂದಿನ ತಂಡದಲ್ಲಿ ಔಷಧಿ ಅಂಗಡಿ ನಡೆಸುವ ಮಹಿಳೆಯೊಬ್ಬರಿದ್ದರು. ಒಂದು ಉತ್ತರದ ಬಾಲ ಹಿಡಿದು ಮೂರು ಪ್ರಶ್ನೆ ಕೇಳುತ್ತಿದ್ದ ಅವರನ್ನು ಉಳಿದವರು ‘ಪ್ರಶ್ನೆಯಮ್ಮ’ ಎಂದು ಕರೆದು, ತಲೆ ತಿನ್ನುತ್ತಾರೆಂದು ಗೊಣಗಿದರು. ಅವರ ಅಂಗೈ ಚಿಕ್ಕದು. ಸುತ್ತಿಗೆ ಜಾರುವುದನ್ನು ಮೇಷ್ಟ್ರು ಕಂಡರು. ಮರುದಿನ ಹಿಡಿಯನ್ನು ಸಣ್ಣಗೆ ಕೆತ್ತಿ ಉಜ್ಜಿದ ಸುತ್ತಿಗೆಯೊಂದು ಅವರ ಜಾಗದಲ್ಲಿ ನೇತಾಡುತ್ತಿತ್ತು.

ತರಗತಿಯ ಕೊನೆಯ ಪಾಠ, ಮರದ ಕೆಲಸದ ಉಳಿಗೆ ಹದ ಕೊಡುವುದು. ಕೆಂಪಗೆ ಕಾಸಿ ಅದ್ದಿದ ಉಕ್ಕು ಗಾಜಿನಷ್ಟು ಗಡಸು, ಗಾಜಿನಷ್ಟೇ ಬೇಗ ಒಡೆಯುವಂಥದ್ದು. ಅದನ್ನು ಉಜ್ಜಿ ಬೆಳ್ಳಗೆ ಮಾಡಿ, ಮತ್ತೆ ಹಿಂಬದಿಯನ್ನು ಮೆಲ್ಲಗೆ ಕಾಸಿ ಈಚೆ ತೆಗೆದರೆ, ಬಿಸಿ ಬಾಯಿಯತ್ತ ಸರಿದಂತೆ ಮೈಮೇಲೆ ಬಣ್ಣಗಳು ಹರಿಯತೊಡಗುತ್ತವೆ. ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ನೀಲಿ. ಉಳಿಯ ಬಾಯಿಗೆ ಹುಲ್ಲಿನ ಹಳದಿ ಬಂದ ಕ್ಷಣದಲ್ಲಿ ನೀರಿಗೆ ಅದ್ದಬೇಕು. ಮುಂಚೆ ಅದ್ದಿದರೆ ಬಾಯಿ ಚಕ್ಕೆಯೇಳುತ್ತದೆ, ಆ ಚಕ್ಕೆ ಕಣ್ಣಿಗೆ ಹಾರಬಹುದು. ‘ಅದ್ದಿ’ ಎಂದು ಹೇಳುವ ಅಧಿಕಾರ ಆ ಕೋಣೆಯಲ್ಲಿ ಮೇಷ್ಟ್ರಿಗೆ ಮಾತ್ರ ಇತ್ತು.

ಆ ದಿನ ಪ್ರಶ್ನೆಯಮ್ಮನ ಉಳಿ ನೋಡಿ ಮೇಷ್ಟ್ರು ‘ಅದ್ದಿ’ ಎಂದರು.

‘ಇನ್ನೂ ಹಳದಿ ಬಂದಿಲ್ಲ ಸರ್. ಬೆಳ್ಳಗೇ ಇದೆ’ ಎಂದರು ಪ್ರಶ್ನೆಯಮ್ಮ.

‘ಬಂದಿದೆಯಮ್ಮ. ಅದ್ದಿ.’

ಅದ್ದಿದರು. ಸಾಣೆ ಹಿಡಿದು ಮರಕ್ಕೆ ಇಟ್ಟರೆ ಬಾಯಿ ಚಕ್ಕೆಯೆದ್ದಿತು. ಆ ವರ್ಷ ಹೀಗಾದದ್ದು ಅದೇ ಮೊದಲಲ್ಲ. ಉಕ್ಕು ಕಳಪೆಯೆಂದು ಮೇಷ್ಟ್ರು ಅಂಗಡಿಯನ್ನು ಎರಡು ಬಾರಿ ಬದಲಿಸಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಬೈಸಿಕೊಂಡದ್ದು ಉಕ್ಕಿನವನು. ಎರಡನೆಯ ಉಳಿ ಕುಲುಮೆಯಿಂದ ಬಂದಾಗ ಆಕೆ ಅದ್ದಲಿಲ್ಲ. ‘ಸರ್, ಈಗ ನಿಮಗೆ ಯಾವ ಬಣ್ಣ ಕಾಣ್ತಿದೆ?’ ಎಂದು ಕೇಳಿದರು.

ಅಷ್ಟು ವರ್ಷಗಳಲ್ಲಿ ಮೇಷ್ಟ್ರನ್ನು ಯಾರೂ ಕೇಳಿರದ ಪ್ರಶ್ನೆ ಅದು. ಅವರು ಉಳಿಯನ್ನು ನೋಡಿದರು, ಕಿಟಕಿಯ ಬಳಿಯ ಬಿಳಿಯ ಗೋಡೆಯನ್ನು ನೋಡಿದರು. ಗೋಡೆಯೂ ಹಳದಿಯಾಗಿಯೇ ಕಂಡಿತು. ಅವರಿಗೆ ಭಯವಾಯಿತು. ಹಾಗೆಂದು ಆಮೇಲೆ ಪತ್ನಿಯ ಬಳಿ ಹೇಳಿದರು. ತರಗತಿಯಲ್ಲಿ ಹೇಳಿದ್ದು, ‘ನಿಮ್ಮ ಕಣ್ಣಿಗೆ ಬಂದಾಗ ನೀವೇ ಅದ್ದಿ’ ಎಂದಷ್ಟೆ. ಹಳದಿ ಬರುವವರೆಗೆ ಆಕೆ ಕಾದು ಅದ್ದಿದ ಉಳಿ ಗಟ್ಟಿಮರದ ಗಂಟನ್ನು ಕಡಿದು ಈಚೆ ಬಂತು, ಬಾಯಿ ಹಾಗೇ ಇತ್ತು.

ಕಣ್ಣಿನ ವೈದ್ಯರು, ಎರಡೂ ಕಣ್ಣಿಗೆ ಪೊರೆ ಬಂದಿದೆ, ಮೆಲ್ಲಮೆಲ್ಲನೆ ಬಂದದ್ದರಿಂದ ತಿಳಿದಿಲ್ಲ ಎಂದರು. ಶಸ್ತ್ರಚಿಕಿತ್ಸೆಗೆ ಮುನ್ನ ಮೇಷ್ಟ್ರು ಮಾಡಿದ ಕೆಲಸವನ್ನು ಈ ಅಭಿನಂದನ ಸಂಪುಟ ಮುಖ್ಯವಾಗಿ ದಾಖಲಿಸಬೇಕು. ತಮ್ಮ ಮಾತು ಕೇಳಿ ಅದ್ದಿದ ಉಳಿಗಳು ಎಷ್ಟೋ ಮನೆಗಳಲ್ಲಿವೆ, ಎಷ್ಟೋ ಮುಖಗಳ ಹತ್ತಿರ ದಿನವೂ ಏಟು ತಿನ್ನುತ್ತಿವೆ ಎಂಬುದು ಅವರ ನಿದ್ದೆ ಕೆಡಿಸಿತು. ಇತ್ತೀಚಿನ ಶಿಷ್ಯರ ಮನೆಮನೆಗೆ ತಾವೇ ಹೋಗಿ, ‘ನನ್ನ ಹದ ತಪ್ಪಿದೆ, ಉಳಿ ಕೊಡಿ’ ಎಂದು ಬಾಗಿಲಲ್ಲಿ ನಿಂತರು.

ಹೆಚ್ಚಿನವರು ಕೊಟ್ಟರು. ಚೌಕಟ್ಟು ಹಾಕುವ ಅಂಗಡಿಯವನು ಮಾತ್ರ ಕೊಡಲೊಪ್ಪಲಿಲ್ಲ.

‘ನಿಮ್ಮ ಹದ ತಪ್ಪೋದು ಅಂದ್ರೇನು ಸರ್? ಯಾರೋ ನಿಮ್ಮ ತಲೆ ಕೆಡಿಸಿದಾರೆ’ ಎಂದ.

ಗೌರವಕ್ಕೆ ಮದ್ದಿಲ್ಲ. ಮೇಷ್ಟ್ರು ಕನ್ನಡಕ ಹಾಕಿಕೊಂಡು, ಅವನನ್ನು ದೂರ ನಿಲ್ಲಿಸಿ, ಅವನ ಮೇಜಿನ ಮೇಲಿದ್ದ ಮರದ ಗಂಟಿಗೆ ಆ ಉಳಿಯನ್ನಿಟ್ಟು ಒಂದೇ ಏಟು ಹಾಕಿದರು. ಬಾಯಿಯ ಚಕ್ಕೆ ಹಾರಿ ಗಾಜಿನ ಹಾಳೆಗೆ ಟಣ್ಣೆಂದು ಬಡಿಯಿತು.

‘ನೋಡಿದೆಯಾ?’

‘ನೀವು ಸ್ವಲ್ಪ ಜೋರಾಗಿ ಹೊಡೆದ್ರಿ ಸರ್.’

ಆದರೂ ಉಳಿ ಕೊಟ್ಟ.

ಕಣ್ಣಿನ ಪಟ್ಟಿ ಬಿಚ್ಚಿ ಮನೆಗೆ ಬಂದ ಮೇಷ್ಟ್ರು ಹೊಸ್ತಿಲಲ್ಲೇ ನಿಂತು, ‘ಬಾಗಿಲಿಗೆ ಯಾವಾಗ ನೀಲಿ ಹೊಡೆಸಿದೆ?’ ಎಂದು ಪತ್ನಿಯನ್ನು ಕೇಳಿದರಂತೆ.

‘ಹೊಡೆದವರು ನೀವೇ. ಹಸಿರು ಅಂತ ಹೇಳಿಕೊಂಡು ನೀಲಿ ಹೊಡೆದ್ರಿ. ಹೇಳಿದರೆ ಕೇಳಿದ್ರಾ?’

ಕಣ್ಣು ಮರಳಿತು. ಹಳೆಯ ಗತ್ತಿನಲ್ಲಿ ‘ಅದ್ದಿ’ ಎನ್ನಲು ಇನ್ನು ಅಡ್ಡಿಯೇನೂ ಇರಲಿಲ್ಲ. ಆದರೆ ಮೇಷ್ಟ್ರು ಆ ಅಧಿಕಾರವನ್ನು ಮತ್ತೆ ಕೈಗೆತ್ತಿಕೊಳ್ಳಲಿಲ್ಲ. ಅಂದಿನಿಂದ ಕುಲುಮೆ ವಿಭಾಗದಲ್ಲಿ ಹೊಸ ಪದ್ಧತಿಯೊಂದು ನಡೆದು ಬಂದಿದೆ: ಉಳಿ ಬೆಂಕಿಯಿಂದ ಬಂದಾಗ ಸುತ್ತ ನಿಂತವರೆಲ್ಲ ತಮಗೆ ಕಂಡ ಬಣ್ಣವನ್ನು ಬಾಯಿಬಿಟ್ಟು ಹೇಳಬೇಕು, ಎಲ್ಲರಿಗಿಂತ ಹೊಸಬರು ಮೊದಲು, ಮೇಷ್ಟ್ರು ಕೊನೆಗೆ. ಮೇಷ್ಟ್ರು ಮೊದಲು ಹೇಳಿಬಿಟ್ಟರೆ ಉಳಿದವರಿಗೂ ಅದೇ ಕಾಣುತ್ತದೆ ಎಂಬುದು ಅವರ ಅನುಭವ. ಪ್ರಶ್ನೆಯಮ್ಮ ಈಗ ಆ ತರಗತಿಯ ಸಹಾಯಕ ಶಿಕ್ಷಕಿ. ಅವರನ್ನು ಕೇಳಿ ಪಡೆದವರು ಮೇಷ್ಟ್ರೇ.

ಸೇವೆಯ ಕೊನೆಯ ಸಂಜೆ ಸಭಾಂಗಣದಲ್ಲಿ ಬೀಳ್ಕೊಡುಗೆಯ ಸಭೆ ಸೇರಿತ್ತು. ಭಾಷಣ ಬರೆದುಕೊಂಡಿದ್ದ ಪ್ರಾಂಶುಪಾಲರು ಗಡಿಯಾರ ನೋಡಿ ನೋಡಿ, ಕಡೆಗೆ ತಾವೇ ಕುಲುಮೆಗೆ ಹೋದರು. ಅಲ್ಲಿ ಮೇಷ್ಟ್ರು ಇಕ್ಕಳದಲ್ಲಿ ಉಳಿಯೊಂದನ್ನು ಹಿಡಿದು ನಿಂತಿದ್ದರು. ಎದುರಿಗೆ, ಆ ವಾರವಷ್ಟೇ ಸೇರಿದ ನಿವೃತ್ತ ಗುಮಾಸ್ತರೊಬ್ಬರು ಉಳಿಯ ಬಾಯನ್ನು ಎವೆಯಿಕ್ಕದೆ ನೋಡುತ್ತಿದ್ದರು.

‘ಎಲ್ಲರೂ ಕಾಯ್ತಿದಾರೆ, ಬನ್ನಿ’ ಎಂದರು ಪ್ರಾಂಶುಪಾಲರು.

ಮೇಷ್ಟ್ರು ಗುಮಾಸ್ತರತ್ತ ತಿರುಗಿದರು. ‘ಏನು ಕಾಣ್ತಿದೆ?’

‘ಇನ್ನೂ ಬೆಳ್ಳಗೇ ಇದೆ ಸರ್.’

‘ಇನ್ನೂ ಬಂದಿಲ್ಲವಂತೆ’ ಎಂದರು ಮೇಷ್ಟ್ರು, ಪ್ರಾಂಶುಪಾಲರಿಗೆ. ಸಭೆ ಕಾಯಿತು. ಪ್ರಾಂಶುಪಾಲರೂ ಅಲ್ಲೇ ನಿಂತು ಬಣ್ಣ ನೋಡತೊಡಗಿದರು.

ನಿವೃತ್ತಿಯ ನಂತರವೂ ವಾರಕ್ಕೆರಡು ಸಂಜೆ ಅವರು ಬರಲಿದ್ದಾರೆ. ದೀರ್ಘಾಯುಷ್ಯವನ್ನು ಹಾರೈಸುವುದು ಇಂಥ ಲೇಖನದ ಕರ್ತವ್ಯ. ಅದನ್ನು ಅವರ ಪದ್ಧತಿಯಂತೆಯೇ ನೆರವೇರಿಸುವುದಾದರೆ, ಸುತ್ತ ನಿಂತಿರುವ ನಾವೆಲ್ಲ ನೋಡಿದ್ದೇವೆ, ಹೊಸಬರನ್ನು ಮೊದಲು ಕೇಳಿದ್ದೇವೆ. ನಿಮ್ಮನ್ನು ಅದ್ದುವ ಹೊತ್ತು ಇನ್ನೂ ಬಂದಿಲ್ಲವಂತೆ ಸರ್, ಕಾಯಿರಿ.