ಬಾಬಾ ತೋಮಾಳ ಫ್ರಿಜ್ಜು

ಆರತಿಯ ಫೋನು ಕೊನೆಗೂ ಸಿಕ್ಕಿದ್ದು ಫ್ರಿಜ್ಜಿನಲ್ಲಿ, ದೋಸೆಹಿಟ್ಟಿನ ಪಾತ್ರೆಯ ಮುಚ್ಚಳದ ಮೇಲೆ. ಅಷ್ಟು ಹೊತ್ತಿಗೆ ಅವಳು ಮನೆಯೆಲ್ಲ ಜಾಲಾಡಿ, ಸೋಫಾದ ಸಂದಿಗೆಲ್ಲ ಕೈ ಹಾಕಿ, ಗಂಡ ಶಿವರಾಜನಿಗೆ ನಾಲ್ಕು ಮಾತು ಅಂದು ಮುಗಿಸಿದ್ದಳು.

"ಇದನ್ನ ಇಲ್ಲಿ ಯಾರಿಟ್ರು?"

"ಮೀ," ಅಂದಳು ಮಗಳು ಇಂದು, ಮಡಿಲಲ್ಲಿ ಗೊಂಬೆ ಹಿಡಕೊಂಡು. ಇನ್ನೂ ನಾಲ್ಕು ತುಂಬದ ಹುಡುಗಿ. "ಸೀಕ್ರೆಟ್ ಹೇಳುವಾಗ ಫೋನ್ ಗೋಸ್ ಇನ್ ಫ್ರಿಜ್. ಬಾಬಾ ತೋಮಾ ಡಸ್ ಇಟ್."

"ಏನ್ ಸೀಕ್ರೆಟ್ ಬಂಗಾರ? ನನ್ನ ಕಿವ್ಯಾಗ ಹೇಳು."

ಇಂದು ತಲೆಯಾಡಿಸಿದಳು. "ನಾಟ್ ಫಾರ್ ಯು, ಅಮ್ಮಾ. ಫಾರ್ ಬಾಬಾ ತೋಮಾ."

ಉಗುರಿನ ಸಂದಿಗೆ ಸಿಬಿರು ಹೊಕ್ಕಂತಾಯಿತು ಆರತಿಗೆ.

ಬಾಬಾ ತೋಮಾ ಅಂದರೆ ತೋಮಾ ಅಜ್ಜಿ. ಪೂರ್ತಿ ಹೆಸರು ತಮಾರಾ. ಫಾಸ್ಟರ್ ಸಿಟಿಯ ಹಿನ್ನೀರಿನ ದಂಡೆಯ ಮನೆಯೊಂದರಲ್ಲಿ ಆರು ಮಕ್ಕಳ ಡೇಕೇರು ನಡೆಸುವ ರಷ್ಯನ್ ಹೆಂಗಸು. ಅರವತ್ತು ದಾಟಿದೆ, ಮೊಣಕಾಲು ನೋವಿದೆ, ಆದರೂ ಪಿಯಾನೋ ಮುಂದೆ ಕೂತರೆ ಆರೂ ಮಕ್ಕಳು ಸಾಲಾಗಿ ನೆಲದ ಮೇಲೆ ಕೂತುಬಿಡುತ್ತಾರೆ. ವೋಲ್ಗಾ ನದಿಯ ದಂಡೆಯ ಒಂದು ಊರಿನ ಶಿಶುವಿಹಾರದಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದವಳು. ಮೂರು ವರ್ಷದ ಹಿಂದೆ ಎಲ್ಲ ಬಿಟ್ಟು ಇಲ್ಲಿದ್ದ ಅಕ್ಕನ ಹತ್ತಿರ ಬಂದಳಂತೆ. ಯಾಕೆ ಬಿಟ್ಟಳು ಎಂದು ಆರತಿ ಕೇಳಿರಲಿಲ್ಲ. ಕೇಳಲು ಪುರುಸೊತ್ತೂ ಇರಲಿಲ್ಲ, ನಿಜ ಹೇಳಬೇಕೆಂದರೆ ಮನಸ್ಸೂ ಇರಲಿಲ್ಲ.

ಮನಸ್ಸೆಲ್ಲ ಬೇರೆ ಲೆಕ್ಕದಲ್ಲಿ ಮುಳುಗಿತ್ತು. ಮನೆಯಲ್ಲಿ ಬೀಟ್‌ರೂಟ್ ಪಲ್ಯ ಬಾಯಿಗಿಟ್ಟರೆ ಉಗಿಯುವ ಹುಡುಗಿ, ಅಲ್ಲಿ ಬೀಟ್‌ರೂಟ್ ಸೂಪು ಕುಡಿದು ತುಟಿ ಕೆಂಪು ಮಾಡಿಕೊಂಡು ಬರುತ್ತಾಳೆ. ಇಲ್ಲಿ ಬಾಚಣಿಗೆ ಕಂಡರೆ ಓಡುತ್ತಾಳೆ, ಅಲ್ಲಿ ಎರಡು ಜಡೆ ಹಾಕಿಸಿಕೊಂಡು ಕೂರುತ್ತಾಳೆ. ಬೇರೆ ತಾಯಂದಿರ ಮಕ್ಕಳು ಬೆಳಿಗ್ಗೆ ಬಿಟ್ಟುಹೋಗುವಾಗ ಅಳುತ್ತವೆ. ಇವಳದು ಸಂಜೆ ಅಳುತ್ತದೆ. ಸಾಂಟಾ ಕ್ಲಾರಾದ ಆಫೀಸಿನಿಂದ ಫ್ರೀವೇ ಟ್ರಾಫಿಕ್ಕಿನಲ್ಲಿ ಜೀವ ತೇಯ್ದು ಬಂದರೆ, ಮಗಳು ಪಿಯಾನೋ ಕೆಳಗೆ ಅಡಗಿ ಕೂತಿರುತ್ತಾಳೆ.

ಅತ್ತೆ ದಾನವ್ವ ಹುಬ್ಬಳ್ಳಿಯಿಂದ ವಿಡಿಯೊ ಕಾಲಿನಲ್ಲಿ ಗಾಯಕ್ಕೆ ಉಪ್ಪು ಸುರಿದರು. "ಹಡದಾಕಿಗಿಂತ ಆಡಿಸಿದಾಕಿನ ಹೆಚ್ಚಾದ್ಲೇನವಾ? ನಾಳೆ ಆ ಮುದುಕಿನ್ನ ಅವ್ವಾ ಅಂತೈತಿ ಕೂಸು. ಆವಾಗ ಏನ್ ಮಾಡ್ತಿ?"

ಶಿವರಾಜ ನಕ್ಕ. "ನಿನಗ ಹೊಟ್ಟಿಕಿಚ್ಚು, ಬ್ಯಾರೆ ಏನಿಲ್ಲ."

"ಹೊಟ್ಟಿಕಿಚ್ಚಲ್ಲ, ಕಾಳಜಿ. ತಾಯಿಗೆ ಹೇಳಲಾರದ ಗುಟ್ಟು ಮುದುಕಿಗೆ ಹೇಳು ಅಂತ ಕಲಸಾಕತ್ತಾಳ ಆಕಿ."

"ಆತು ಬಿಡು. ಎರಡೂ ಒಂದ ಒಲಿ ಮ್ಯಾಲ ಬೇಯ್ತಾವ."

ಆ ಮಾತೇ ಅವಳನ್ನು ಕೆರಳಿಸಿತು. ಮರುದಿನ ಊಟದ ಹೊತ್ತಿನಲ್ಲಿ ಆಫೀಸಿನ ಪಾರ್ಕಿಂಗಿನಲ್ಲಿ, ಕಾರಿನೊಳಗೆ ಕೂತು, ಡೇಕೇರುಗಳಿಗೆ ಲೈಸೆನ್ಸು ಕೊಡುವ ಕಚೇರಿಗೆ ಫೋನು ಹಚ್ಚಿದಳು. ಮಕ್ಕಳಿಗೆ ಗುಟ್ಟು ಮುಚ್ಚಿಡುವುದನ್ನು ಕಲಿಸುತ್ತಾರೆ ಅಂದಳು. ಹೇಳಿದ ಮೇಲೆ ಅದು ತೀರ ಸಣ್ಣದೆನಿಸಿ, ಅಡುಗೆಮನೆಯ ಸ್ವಚ್ಛತೆಯನ್ನೂ ಒಂದಿಷ್ಟು ನೋಡಿ ಎಂದು ಸೇರಿಸಿದಳು. ತಮಾರಾಳ ಅಡುಗೆಮನೆ ತನ್ನದಕ್ಕಿಂತ ಲಕಲಕ ಹೊಳೆಯುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಅದೂ ಒಂದು ಹೊಟ್ಟೆಯುರಿಯೇ. ನಿಮ್ಮ ಹೆಸರು ಹೇಳಬೇಕಿಲ್ಲ ಎಂದರು ಕಚೇರಿಯವರು. ಅವಳು ಹೇಳಲೂ ಇಲ್ಲ.

ಒಂದು ವಾರ ಕಳೆದಿರಬಹುದು. ಸಂಜೆ ಮಗಳನ್ನು ಕರೆದೊಯ್ಯಲು ಹೋದಾಗ ತಮಾರಾ ಬಾಗಿಲಲ್ಲೇ ತಡೆದಳು. "ಸ್ವಲ್ಪ ಚಹಾ ಕುಡಿದು ಹೋಗು. ಮಾತಿದೆ." ಆಕೆಯ ಇಂಗ್ಲಿಷು ತುಂಡು ತುಂಡು, ಕಲ್ಲಿನ ಮೇಲೆ ಕಲ್ಲಿಟ್ಟ ಹಾಗೆ. ಆರತಿಯ ಕೈಯಿಂದ ಫೋನು ತೆಗೆದುಕೊಂಡಳು, ತನ್ನದನ್ನೂ ತೆಗೆದಳು, ಎರಡನ್ನೂ ಫ್ರಿಜ್ಜಿನಲ್ಲಿಟ್ಟು ಬಾಗಿಲು ಒತ್ತಿದಳು. ಸಿಕ್ಕಿಬಿದ್ದೆ ಅಂದುಕೊಂಡಳು ಆರತಿ.

"ಇನ್ಸ್‌ಪೆಕ್ಟರ್ ಬಂದಿದ್ದಳು. ಯಾರೋ ದೂರು ಕೊಟ್ಟಿದ್ದಾರೆ."

"ಹೌದಾ?" ಅಂದಳು ಆರತಿ. ತನ್ನ ದನಿ ತನಗೇ ಕೇಳಿಸಲಿಲ್ಲ.

"ಫ್ರಿಜ್ಜು ನಿನಗೆ ವಿಚಿತ್ರ ಅನ್ನಿಸಬಹುದು. ನಮ್ಮಮ್ಮ ಫೋನಿನ ಮೇಲೆ ದಿಂಬು ಇಡುತ್ತಿದ್ದಳು, ಯಾರೂ ಕದ್ದು ಕೇಳಬಾರದು ಅಂತ. ಆಮೇಲೆ ಆ ಕಾಲ ಹೋಯಿತು. ಹತ್ತು ವರ್ಷ ದಿಂಬು ಹಾಸಿಗೆಗೆ ವಾಪಸ್ಸು ಹೋಗಿತ್ತು. ನಮಗೆ ಸಂಬಳ ಬರುತ್ತಿರಲಿಲ್ಲ, ಆದರೆ ಟಿವಿಯಲ್ಲಿ ಬೊಂಬೆಗಳು ಅಧ್ಯಕ್ಷನನ್ನೇ ಗೇಲಿ ಮಾಡುತ್ತಿದ್ದವು. ಜೋರಾಗಿ ನಗುತ್ತಿದ್ದೆವು." ತಮಾರಾ ಚಹಾ ಬಗ್ಗಿಸಿದಳು. "ಹೊಸ ಅಧ್ಯಕ್ಷ ಬಂದ. ಮೊದಲು ಬೊಂಬೆಗಳು ಹೋದವು. ಬೊಂಬೆ ತಾನೇ, ಹೋಗಲಿ ಅಂದೆವು. ಆ ಚಾನೆಲ್ಲಿಗೆ ಹೊಸ ಧಣಿ ಬಂದ. ಸಂಬಳ ಸರಿಯಾಗಿ ಬರುತ್ತಿತ್ತು, ಸುಮ್ಮನಿದ್ದೆವು. ಪ್ರಾಂತ್ಯದ ರಾಜ್ಯಪಾಲರನ್ನು ಅಲ್ಲಿ ನಾವೇ ಮತ ಹಾಕಿ ಆರಿಸುತ್ತಿದ್ದೆವು, ಇನ್ನು ನಿಮಗೆ ಆ ತೊಂದರೆ ಬೇಡ, ನಾವೇ ಕಳಿಸುತ್ತೇವೆ ಅಂದರು. ಆಮೇಲೆ ಅವನ ಅವಧಿ ಮುಗಿಯಬೇಕಾದಾಗ ಸಂವಿಧಾನವನ್ನೇ ಬದಲಿಸಿದರು. ಆ ಮತದಾನಕ್ಕೆ ಪೆಟ್ಟಿಗೆಗಳನ್ನು ಪಾರ್ಕಿನ ಬೆಂಚಿನ ಮೇಲೆ, ಕಾರಿನ ಡಿಕ್ಕಿಯಲ್ಲಿ ಇಟ್ಟಿದ್ದರು. ಜನ ನಕ್ಕರು, ಆದರೆ ಮೆತ್ತಗೆ. ಅಷ್ಟರಲ್ಲಿ ಫೋನು ಫ್ರಿಜ್ಜಿಗೆ ಹೋಗಿತ್ತು. ಅದರಿಂದ ಉಪಯೋಗ ಇದೆಯೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ."

ಒಳಕೋಣೆಯಲ್ಲಿ ಇಂದು ಪಿಯಾನೋದ ಒಂದೇ ಕೀಯನ್ನು ಟಿಣ್ ಟಿಣ್ ಎಂದು ಒತ್ತುತ್ತಿದ್ದಳು.

"ಯುದ್ಧ ಶುರುವಾದ ಚಳಿಗಾಲ, ಶಿಶುವಿಹಾರದ ಅಂಗಳದಲ್ಲಿ ಮಕ್ಕಳನ್ನು ಹಿಮದಲ್ಲಿ ಒಂದು ಅಕ್ಷರದ ಆಕಾರಕ್ಕೆ ನಿಲ್ಲಿಸಿ ಫೋಟೊ ತೆಗೆಯಿರಿ ಅಂದರು. ಸೈನ್ಯದ ಟ್ಯಾಂಕುಗಳ ಮೇಲೆ ಬರೆದ ಅಕ್ಷರ ಅದು, ಸೈನ್ಯಕ್ಕೆ ಬೆಂಬಲ ತೋರಿಸಲು. ನಾನು ವೀರಳಲ್ಲ. ಮಕ್ಕಳಿಗೆ ಶೀತ ಆಗುತ್ತದೆ ಅಂತ ಒಳಗೆ ಕರಕೊಂಡು ಹೋಗಿ ಹಾಡು ಹೇಳಿಸಿದೆ. ಅಷ್ಟೇ ಮಾಡಿದ್ದು. ಝನ್ನಾ ಅಂತ ಒಬ್ಬ ತಾಯಿ, ಪೊಲೀಸರಿಗೆ ದೂರು ಕೊಟ್ಟಳು. ಈಕೆ ಸೈನ್ಯಕ್ಕೆ ಅವಮಾನ ಮಾಡಿದಳು, ಮಕ್ಕಳ ತಲೆ ಕೆಡಿಸುತ್ತಾಳೆ ಅಂತ."

"ಆಕೆಗೆ ಸರ್ಕಾರದ ಮೇಲೆ ಅಷ್ಟು ಭಕ್ತಿನಾ?"

ತಮಾರಾ ಮೊದಲ ಸಲ ನಕ್ಕಳು. "ಝನ್ನಾಗೆ? ಅವಳು ಮತ ಹಾಕಲೂ ಹೋಗುತ್ತಿರಲಿಲ್ಲ. ಹೊಸ ವರ್ಷದ ಕಾರ್ಯಕ್ರಮದಲ್ಲಿ ಅವಳ ಮಗ ಎಲ್ಲರೆದುರು ನನ್ನನ್ನು ಅಮ್ಮಾ ಅಂದುಬಿಟ್ಟಿದ್ದ. ಆ ದಿನದಿಂದ ಅವಳು ನನ್ನ ಮುಖ ನೋಡಲಿಲ್ಲ. ಅಧ್ಯಕ್ಷನಿಗೆ ನನ್ನ ಹೆಸರು ಗೊತ್ತಿಲ್ಲ. ನನ್ನನ್ನು ಹಿಡಿದುಕೊಟ್ಟವಳು ಝನ್ನಾ. ಅವಳಿಗೆ ರಾಜಕೀಯ ಬೇಕಿರಲಿಲ್ಲ. ಮಗ ಬೇಕಾಗಿದ್ದ."

ಆರತಿ ಚಹಾದ ಕಪ್ಪನ್ನು ಕೆಳಗಿಟ್ಟಳು.

"ಅಲ್ಲಿ ಯಾರೂ ಬಂದು ನಿಜವೇನು ಅಂತ ನೋಡಲಿಲ್ಲ. ದಂಡ ಹಾಕಿದರು. ಇಪ್ಪತ್ತು ವರ್ಷದ ಗೆಳತಿ, ನಮ್ಮ ಮುಖ್ಯಸ್ಥೆ, ಸ್ವಂತ ಇಚ್ಛೆಯಿಂದ ಬಿಡುತ್ತಿದ್ದೇನೆ ಅಂತ ಬರೆದುಕೊಡು ಅಂದಳು. ಇಲ್ಲಿ ಇನ್ಸ್‌ಪೆಕ್ಟರ್ ಬಂದಳು, ಫ್ರಿಜ್ಜು ತೆಗೆದು ನೋಡಿದಳು, ಮಕ್ಕಳ ಹತ್ತಿರ ಕೂತಳು, ಎಲ್ಲ ಸರಿ ಇದೆ ಅಂತ ಬರೆದು ಹೋದಳು. ಝನ್ನಾಗಳು ಎಲ್ಲ ಊರಲ್ಲೂ ಇರುತ್ತಾರೆ. ಬಾಗಿಲಿಗೆ ಬರುವವರು ಬೇರೆ ಬೇರೆ."

"ಯಾರ ಮೇಲಾದರೂ ಅನುಮಾನ?"

"ಪಕ್ಕದ ಮನೆಯ ಮುದುಕ ಇರಬೇಕು. ಪಿಯಾನೋ ಸದ್ದಿಗೆ ಗೊಣಗುತ್ತಿರುತ್ತಾನೆ. ನಾನೀಗ ಅವನನ್ನು ಮಾತಾಡಿಸುವುದಿಲ್ಲ." ತಮಾರಾ ಫ್ರಿಜ್ಜಿನ ಕಡೆ ನೋಡಿದಳು. "ಅಭ್ಯಾಸ ಬಿಡಲಾಗದೆ ಇಟ್ಟರೆ ಮಕ್ಕಳು ಯಾಕೆ ಅಂತ ಕೇಳಿದವು. ಗುಟ್ಟಿನ ಆಟ ಅಂದೆ. ಇಷ್ಟು ದಿನ ಆಟವೇ ಆಗಿತ್ತು. ಈ ವಾರದಿಂದ ನಿಜವಾಗಿಯೂ ಇಡುತ್ತಿದ್ದೇನೆ."

ಹೇಳಿಬಿಡಬೇಕು ಅನ್ನುವಷ್ಟರಲ್ಲಿ ಇಂದು ಓಡಿ ಬಂದು ತಮಾರಾಳ ತೊಡೆಗೆ ಮುಖ ಒತ್ತಿದಳು. ಹಳೆಯ ಉರಿ ಮತ್ತೆ ಭುಗ್ ಅಂತ ಎದ್ದು ಆರತಿಯ ಬಾಯಿ ಕಟ್ಟಿತು. ಮಗಳನ್ನು ಎತ್ತಿಕೊಂಡು, ತಣ್ಣಗಿನ ಫೋನು ತೆಗೆದುಕೊಂಡು ಹೊರಬಿದ್ದಳು. ಪಕ್ಕದ ಮನೆಯ ಮುದುಕ ಗಿಡಕ್ಕೆ ನೀರು ಹಾಕುತ್ತ ಕೈಯೆತ್ತಿದ. ಅವನ ಮುಖ ನೋಡಲಾಗಲಿಲ್ಲ.

ಮನೆಯಲ್ಲಿ ಊಟವಾದ ಮೇಲೆ ಇಂದು ತಾನೇ ಕುರ್ಚಿ ಎಳೆದುಕೊಂಡು ಹೋಗಿ ತಾಯಿಯ ಫೋನನ್ನು ಫ್ರಿಜ್ಜಿನಲ್ಲಿಟ್ಟಳು. "ನೌ ಯು ಟೆಲ್, ಅಮ್ಮಾ."

ಮಗಳು ಕೇಳಿದ್ದೇ ಅಪರೂಪ. ಆರತಿ ನೆಲದ ಮೇಲೆ ಕೂತು ಆ ಪುಟ್ಟ ಕಿವಿಗೆ ಬಾಯಿ ಹಚ್ಚಿದಳು. "ನಾನು ಬಾಬಾ ತೋಮಾನ ಮ್ಯಾಲ ಒಂದು ಸುಳ್ಳು ಹೇಳೀನಿ. ನೀನು ನನ್ನಕಿಂತ ಆಕಿನ್ನ ಹೆಚ್ಚು ಇಷ್ಟಪಡ್ತಿ ಅನ್ನೂ ಸಿಟ್ಟಿಗೆ."

ಇಂದು ಹುಬ್ಬು ಗಂಟಿಕ್ಕಿ ಯೋಚಿಸಿದಳು. "ಡಸ್ ಶೀ ನೋ?"

"ಇಲ್ಲ."

"ಐ ವಿಲ್ ಟೆಲ್ ಹರ್. ಟುಮಾರೋ."

ಗುಟ್ಟನ್ನೂ ಅಲ್ಲಿಗೇ ಒಯ್ಯುತ್ತಾಳಲ್ಲ ಇವಳು. ಅಂಥ ಹೊತ್ತಿನಲ್ಲೂ ಆರತಿಗೆ ಚುರುಕ್ ಎಂದಿತು. "ಬ್ಯಾಡ," ಅಂದಳು. "ನಾನ ಹೇಳ್ತೀನಿ."

ಬೆಳಿಗ್ಗೆ ಆರತಿ ಎಂದಿನಂತೆ ಕಾರಿನ ಇಂಜಿನ್ ಚಾಲೂ ಇಟ್ಟು ಬಾಗಿಲಲ್ಲೇ ಮಗಳನ್ನು ಬಿಟ್ಟು ಓಡಲಿಲ್ಲ. ಮೀಟಿಂಗಿಗೆ ಹೊತ್ತಾಗುತ್ತಿತ್ತು. ಆಗಲಿ ಅಂದುಕೊಂಡು ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟಳು. ಇಂದು ಅವಳನ್ನು ದಾಟಿ ಓಡಿ ತಮಾರಾಳ ಸೊಂಟ ತಬ್ಬಿಕೊಂಡಳು. ನೋಡಿಯೂ ನೋಡದವಳಂತೆ ಆರತಿ ನೇರ ಅಡುಗೆಮನೆಗೆ ನಡೆದು, ಫ್ರಿಜ್ಜಿನ ಬಾಗಿಲು ತೆಗೆದು, ಹಾಲಿನ ಕ್ಯಾನಿನ ಪಕ್ಕ ತನ್ನ ಫೋನನ್ನಿಟ್ಟಳು. ತಮಾರಾಳ ಫೋನಿಗಾಗಿ ಕೈ ಚಾಚಿದಳು.